ಹಸಿರು ಬಾರಿನ ಚಪ್ಪಲಿ

ಮೋನಿಷಾ ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕೂತು, ಹಳೆಯ ಬ್ರಷ್ಷಿನಿಂದ ನನ್ನ ಮೇಲಿನ ಕೆಸರನ್ನು ಉಜ್ಜುತ್ತಿದ್ದಳು. ಬಾಗಿಲ ಬಳಿ ಅವಳ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು.

ನಾನು ಒಂದು ಹವಾಯಿ ಚಪ್ಪಲಿ, ಬಲಗಾಲಿನದು. ಯಾವುದೋ ಕಾರ್ಖಾನೆಯಲ್ಲಿ ರಬ್ಬರ್ ಹಾಳೆಯಿಂದ ಕತ್ತರಿಸಿ, ಮೂರು ತೂತು ಹೊಡೆದು, ನೀಲಿ ಬಾರು ತುರುಕಿದರು. ಅಷ್ಟೇ ನನ್ನ ಹುಟ್ಟು. ತುಳಿಸಿಕೊಳ್ಳಲೆಂದೇ ಹುಟ್ಟಿದವಳಿಗೆ ಯಾರು ತೊಟ್ಟಿಲು ತೂಗುತ್ತಾರೆ?

ತುಮಕೂರಿನ ಅಂಚಿನ ಒಂದು ಬಡಾವಣೆಯಲ್ಲಿ, ಗಾರ್ಮೆಂಟ್ಸ್ ಗೇಟಿನ ಎದುರಿನ ತಳ್ಳುಗಾಡಿಯಿಂದ ನನ್ನನ್ನೂ ನನ್ನ ಎಡಗಾಲಿನ ಜೊತೆಯನ್ನೂ ಕೊಂಡವಳು ಮೋನಿಷಾಳ ಅಕ್ಕ. ಮದುವೆಯಾಗಿ ಹೋಗುವಾಗ ಹೊಸದನ್ನು ಮೆಟ್ಟಿಕೊಂಡು ನಮ್ಮನ್ನು ತಂಗಿಗೆ ಬಿಟ್ಟಳು. ಆ ಮಳೆಗಾಲದಲ್ಲಿ ನನ್ನ ಬಾರು ಕಿತ್ತುಹೋಯಿತು. ಅಂಗಡಿಯಲ್ಲಿ ನೀಲಿ ಇರಲಿಲ್ಲ, ಮೋನಿಷಾ ಹಸಿರು ಹಾಕಿಸಿದಳು. ಒಂದು ಕಾಲಿಗೆ ನೀಲಿ, ಒಂದು ಕಾಲಿಗೆ ಹಸಿರು ಬಾರು ಇದ್ದವಳು ಇಡೀ ಬೀದಿಯಲ್ಲಿ ಇವಳೊಬ್ಬಳೇ. ಹೆಂಗಸರು ನಕ್ಕರು. ಅವರ ಕಾಲುಗಳನ್ನು ನಾನು ಬಲ್ಲೆ. ಹಿಮ್ಮಡಿ ಒಡೆದಿದ್ದರೂ ಕಾಲುಂಗುರದ ಜಂಬಕ್ಕೆ ಕಡಿಮೆಯಿಲ್ಲ.

ಮೋನಿಷಾಗೆ ಹದಿನೆಂಟು ತುಂಬಿತ್ತು. ಮದುವೆಯಾಗುತ್ತೇನೆಂದು ನಂಬಿಸಿದ್ದ ಹುಡುಗ ಊರು ಬಿಟ್ಟ ಮೇಲೆ ಫೋನ್ ಮಾಡಿದ. ತನಗೆ ಎಚ್‌ಐವಿ ಇದೆಯೆಂದು ಗೊತ್ತಾಗಿದೆ, ನೀನೂ ರಕ್ತ ಪರೀಕ್ಷೆ ಮಾಡಿಸಿಕೋ ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಅದಕ್ಕೇ ಅವಳು ಆ ದಿನ ನನ್ನನ್ನು ತೊಳೆದದ್ದು. ವೇಲಿನಿಂದ ಮುಖವೆಲ್ಲ ಮುಚ್ಚಿ, ಕಣ್ಣಷ್ಟೇ ಬಿಟ್ಟುಕೊಂಡು, ಸುತ್ತುದಾರಿಯಲ್ಲಿ ಆಸ್ಪತ್ರೆಗೆ ಹೋದಳು. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ, ರೂಢಿಯಂತೆ, ನಮ್ಮನ್ನು ಹೊರಗೆ ಬಿಟ್ಟಳು.

ಮುಖ ಮುಚ್ಚಿದವಳು ನನ್ನನ್ನು ಮುಚ್ಚಲು ಮರೆತಳು.

ಬಿ.ಪಿ. ಮಾತ್ರೆಗೆಂದು ಬಂದಿದ್ದ ಪಕ್ಕದ ಮನೆಯ ಹೊನ್ನಮ್ಮ ನನ್ನ ಮುಂದೆ ನಿಂತು ಸೊಸೆಯನ್ನು ಕರೆದಳು.

"ಏಯ್ ಸವಿತಾ, ಬಾರೇ ಇಲ್ಲಿ. ಈ ಹಸಿರು ಬಾರು ಯಾರ್ದು ಹೇಳು?"

"ಮೋನಿದಲ್ವಾ ಅತ್ತೆ?"

"ಆ ರೂಮ್‌ನಾಗೆ ಏನ್ ಕಾಯ್ಲೆಗೆ ನೋಡ್ತಾರೆ ಗೊತ್ತಾ? ಏಡ್ಸ್‌ಗೆ ಕಣೇ!"

"ಮೆತ್ತಗೆ ಅತ್ತೆ, ಕೇಳಿಸ್ಕೊಂಡಾರು."

"ಕೇಳಿಸ್ಕೊಳ್ಲಿ ಬಿಡು. ನಮ್ ನಲ್ಲೀಲೇ ನೀರು ಹಿಡಿಯೋದು ಅವ್ಳೂನೂ."

ಹೊನ್ನಮ್ಮ ಮಾತ್ರೆ ಮರೆತು ಎದುರಿನ ಬೆಂಚಿನ ಮೇಲೆ ಕಾಲು ಮಡಚಿ ಕೂತಳು. ನೀರಿನಿಂದ, ತಟ್ಟೆಯಿಂದ, ಮುಟ್ಟುವುದರಿಂದ ಈ ಸೋಂಕು ಹರಡದು ಎಂದು ಅವಳ ತಲೆಯ ಮೇಲಿನ ಗೋಡೆಯಲ್ಲೇ ದಪ್ಪಕ್ಷರದಲ್ಲಿ ಬರೆದಿತ್ತು.

ಒಳಗಿನಿಂದ ಆಪ್ತಸಮಾಲೋಚಕಿಯ ಮೆಲುದನಿ ಕೇಳಿಸಿತು: "ಇವತ್ತಿನ ಪರೀಕ್ಷೇಲಿ ಏನೂ ಇಲ್ಲಮ್ಮ. ಆದ್ರೆ ಸೋಂಕು ತಗುಲಿದ್ರೂ ಇಷ್ಟು ಬೇಗ ಕಾಣಿಸ್ದೆ ಇರಬಹುದು. ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ಬಾ, ತಪ್ಪಿಸ್ಬೇಡ. ಇದ್ರೂ ಮಾತ್ರೆ ಇದೆ, ಎಲ್ಲರ ಹಾಗೇ ಬದುಕಬಹುದು."

ನಾವು ಮತ್ತೆ ಸುತ್ತುದಾರಿ ಹಿಡಿದೆವು. ಹೊನ್ನಮ್ಮ ನೇರ ದಾರಿ ಹಿಡಿದಳು.

ಮನೆ ಮುಟ್ಟಿದಾಗ ಅಮ್ಮ ಬಗ್ಗಿ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಳು. ಸಿಕ್ಕಿದ್ದು ನಾನು.

"ಏನೂ ಇಲ್ಲ ಅಂದ್ರಮ್ಮ! ಇನ್ನೊಂದ್ಸಲ ಬಾ ಅಂದವ್ರೆ, ಅಷ್ಟೇ!"

"ಏನೂ ಇಲ್ದೋಳು ಆ ಬಾಗ್ಲಿಗೆ ಯಾಕೇ ಹೋದೆ?"

ಅವಳ ಬೆನ್ನ ಮೇಲೆ ನನ್ನ ಅಡಿಯ ಗೆರೆಗಳು ಮೂಡಿದವು. ದಿನವೂ ನನ್ನನ್ನು ತುಳಿದದ್ದಕ್ಕೆ ನಾನೆಂದೂ ಸೇಡು ಬಯಸಿರಲಿಲ್ಲ. ಆದರೆ ಚಪ್ಪಲಿಯನ್ನು ಯಾರು ಕೇಳುತ್ತಾರೆ?

ಮರುದಿನ ನಲ್ಲಿಯ ಸಾಲಿನಲ್ಲಿ ಅವಳ ಕೊಡವನ್ನು ಹೆಂಗಸರು ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ಅಮ್ಮ ನನ್ನ ಜೊತೆಯದನ್ನು ಚರಂಡಿಗೆ ಎಸೆದಳು. ನನ್ನನ್ನು ಮಾತ್ರ ದೃಷ್ಟಿಗೆಂದು ಬಾಗಿಲ ಮೇಲೆ ಕಟ್ಟಿದಳು.

"ಇನ್ನು ಚಪ್ಪಲೀನೂ ಇಲ್ಲ, ಹೊಸಿಲು ದಾಟೋದೂ ಇಲ್ಲ" ಎಂದಳು ಮಗಳಿಗೆ.

ಬಿಸಿಲಿಗೆ ನನ್ನ ರಬ್ಬರ್ ಬಿರಿದಿದೆ. ಇಷ್ಟು ಕಾಲ ಜನರನ್ನು ಕೆಳಗಿನಿಂದ ನೋಡಿದೆ, ಈಗ ಮೇಲಿನಿಂದ ನೋಡುತ್ತೇನೆ. ಎಲ್ಲಿಂದ ನೋಡಿದರೂ ಅವರು ಅಷ್ಟೇ. ಯಾವ ಕಣ್ಣುಗಳನ್ನು ತಡೆಯಲು ನನ್ನನ್ನು ಕಟ್ಟಿದಳೋ, ಅವೇ ಕಣ್ಣುಗಳು ನನ್ನ ಹಸಿರು ಬಾರನ್ನು ನೋಡಿ, ಒಂದನ್ನೊಂದು ನೋಡಿ, ಮುಂದೆ ಹೋಗುತ್ತವೆ.

ಇವತ್ತಿಗೆ ಮೂರು ತಿಂಗಳು. ನನ್ನ ಕೆಳಗೆ ಅಮ್ಮ ಸೊಪ್ಪು ಬಿಡಿಸುತ್ತಿದ್ದಾಳೆ. ಅವಳ ಕಂದು ಚಪ್ಪಲಿಗಳು ಗೋಡೆಗೆ ಒರಗಿವೆ. ಮೋನಿಷಾ ಬರಿಗಾಲಲ್ಲಿ ಬಂದು ಹೊಸಿಲ ಒಳಗೇ ನಿಂತಳು. ಮುಖಕ್ಕೆ ವೇಲು ಸುತ್ತಿರಲಿಲ್ಲ.

"ಅಮ್ಮ, ಇವತ್ತು ಆಸ್ಪತ್ರೆಗೆ ಹೋಗ್ಬೇಕು. ನಿನ್ ಚಪ್ಪಲಿ ಕೊಡಮ್ಮ."

ಅಮ್ಮ ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚಿದಳು.