ತೂಕದ ಕಲ್ಲು

ಪ್ರೋಟೀನಿನ ಪ್ರಮಾಣವನ್ನು ಗೆರೆಯಾಗಿ ತೋರಿಸುವ ಮೂರನೆಯ ಪಟ್ಟಿಯೂ ಅದನ್ನೇ ಹೇಳಿತು. ಅವಳು ಪರದೆಯ ಬೆಳಕು ಹೆಚ್ಚಿಸಿ ನೋಡಿದಳು, ಕನ್ನಡಕ ಒರೆಸಿಕೊಂಡು ನೋಡಿದಳು, ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿ ಬಂದು ಮತ್ತೆ ನೋಡಿದಳು. ಇಲಿಯ ಮಿದುಳಿನ ಆರೋಗ್ಯವಾದ ಕಡೆಯ ಗೆರೆ ದಪ್ಪ, ಗಾಯವಾದ ಕಡೆಯದು ತೆಳು. ಎರಡೂ ಒಂದೇ ಸಮ ಇರಬೇಕಾದ ಗೆರೆಗಳು ಅವು.

ಪಾರ್ಶ್ವವಾಯು ಬರಿಸಿದ ಇಲಿಯ ಮಿದುಳಿನಲ್ಲಿ ಒಂದು ಪ್ರೋಟೀನು ಏರುತ್ತದೆ, ಏರಿ ಸಾಯುವ ಕೋಶಗಳನ್ನು ಕಾಯುತ್ತದೆ ಎಂಬುದು ಅವಳ ನಾಲ್ಕು ವರ್ಷದ ಸಂಶೋಧನೆ. ಏರಿದ್ದನ್ನು ಅಳೆಯಲು ಏರದ, ಇಳಿಯದ ಇನ್ನೊಂದು ಪ್ರೋಟೀನು ಬೇಕು. ಲ್ಯಾಬಿನಲ್ಲಿ ಅದಕ್ಕೆ ತೂಕದ ಕಲ್ಲು ಎಂದೇ ಹೆಸರು. ಪ್ರೊಫೆಸರರ ಗುರುಗಳ ಕಾಲದಿಂದ ಅದೇ ಕಲ್ಲು. ಕಲ್ಲನ್ನೇ ತೂಗಿ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಪತ್ರಿಕೆಗೆ ಕಳಿಸಿದ ಲೇಖನ ಓದಿದ ಪರಿಶೀಲಕನೊಬ್ಬ ಕಲ್ಲಿನ ಬಗ್ಗೆಯೇ ತಕರಾರು ತೆಗೆದನೆಂದು, ಅವನ ಬಾಯಿ ಮುಚ್ಚಿಸಲೆಂದೇ ಅವಳು ತೂಗಿದ್ದಳು. ಗಾಯದ ಕಡೆ ಕಲ್ಲೇ ಅರ್ಧ ಸವೆದಿತ್ತು. ಅವಳ ಪ್ರೋಟೀನು ಏರಿರಲೇ ಇಲ್ಲ, ಇದ್ದಲ್ಲೇ ಇತ್ತು; ಕಲ್ಲು ಹಗುರಾದದ್ದಕ್ಕೆ ಏರಿದಂತೆ ಕಂಡಿತ್ತು, ಅಷ್ಟೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಪರಿಶೀಲಕನ ಮೇಲೆ ಸಿಟ್ಟು ಬಂತು, ಇಲಿಗಳ ಮೇಲೂ ಬಂತು, ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆ.

ಮೀಟಿಂಗಿಗೆ ಹೊರಟಿದ್ದ ಪ್ರೊಫೆಸರರು ಬಾಗಿಲಲ್ಲೇ ನಿಂತು ಕಣ್ಣು ಹಾಯಿಸಿದರು. ಲೋಕವೆಲ್ಲ ಇದೇ ಕಲ್ಲಿನಲ್ಲಿ ತೂಗುತ್ತಿರುವಾಗ ನಿನಗೊಬ್ಬಳಿಗೇನು ಕಷ್ಟ ಎಂದರು. ಗೆರೆ ಸರಿಯಾಗಿ ಬಂದ ಎರಡು ಇಲಿಗಳನ್ನಷ್ಟೇ ತೋರಿಸಿದರೆ ಸಾಕಂತೆ.

"ಐದು ಗಂಟೆಯೊಳಗೆ ಪತ್ರಿಕೆಗೆ ಉತ್ತರ ಕಳಿಸಿಬಿಡಮ್ಮ. ಇಲ್ಲಾಂದ್ರೆ ನಾಲ್ಕು ವರ್ಷ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತೆ."

ಐದಕ್ಕೆ ಅವಳು ಕಳಿಸಿದ್ದು ಎರಡೇ ಸಾಲು: ಪರಿಶೀಲಕರು ಹೇಳಿದ್ದು ನಿಜ, ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಆಮೇಲೆ ಪಟ್ಟಿಗಳನ್ನು ಕವರಿಗೆ ತುರುಕಿ, ಮೇಜಿನ ಡ್ರಾಯರನ್ನು ಬೇಕಿದ್ದಕ್ಕಿಂತ ಜೋರಾಗಿ ಮುಚ್ಚಿದಳು. ನಿಜವಾದ ಕಷ್ಟ ಮನೆಯಲ್ಲಿತ್ತು.

ಅವಳ ಅಕ್ಕ ದರ್ಜಿ. ಒಂದೂವರೆ ವರ್ಷದ ಹಿಂದೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಗಲೇ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. ಕೈಗೆ ಬಲ ಬರಲೆಂದು ಅದೇ ಕೈಯಿಂದ ಡಬ್ಬಿಯೊಳಗಿನ ಗುಂಡಿ ಎತ್ತಿ ತಟ್ಟೆಗೆ ಹಾಕಬೇಕು, ದಿನಕ್ಕೆ ನೂರು ಸಲ. ಮೊದಮೊದಲು ಅಕ್ಕ ಡಬ್ಬಿಯನ್ನೇ ಎಡಗೈಯಲ್ಲಿ ಎತ್ತಿ ಗೋಡೆಗೆ ಎಸೆಯುತ್ತಿದ್ದಳು. ಆಗ ತಂಗಿಯೇ ಹೇಳಿದ್ದಳು, ನಿನ್ನ ತಲೆಯೊಳಗೂ ಆ ಪ್ರೋಟೀನು ಏರುತ್ತಿರುತ್ತದೆ, ಕೈಬಿಡಬೇಡ ಎಂದು. ಅಂದಿನಿಂದ ಅಕ್ಕ ಎಸೆಯುವುದನ್ನು ಬಿಟ್ಟಳು. ಬಂದವರಿಗೆಲ್ಲ ನಮ್ಮ ತಂಗಿಯ ಪ್ರೋಟೀನು ಎಂದು ಹೇಳಿಕೊಂಡು ಬೀಗುತ್ತಿದ್ದಳು.

ಚಪ್ಪಲಿ ಬಿಡುವುದರೊಳಗೆ ಎಂದಿನ ಪ್ರಶ್ನೆ ಬಂತು. "ಇವತ್ತು ಎಷ್ಟು ಏರ್ತು?"

"ಏರಿಲ್ಲ ಅಕ್ಕ. ಯಾವತ್ತೂ ಏರಿರ್ಲಿಲ್ಲ. ನಾನು ಅಳೆದದ್ದೇ ತಪ್ಪು."

ಅಕ್ಕನ ಬಲಗೈಯ ಎರಡು ಬೆರಳಿನ ನಡುವೆ ಗುಂಡಿಯೊಂದಿತ್ತು. ಅವಳ ಮುಖ ಕೆಂಪಾಯಿತು.

"ಹಾಗಿದ್ರೆ ಇಷ್ಟು ದಿನ ಈ ಕೈ ಎತ್ತಿದ್ದು ಯಾರೇ?"

ಗುಂಡಿ ಜಾರಿ ಮಂಚದಡಿಗೆ ಉರುಳಿತು. ಎತ್ತಿಕೊಡಲು ತಂಗಿ ಬಗ್ಗಿದಾಗ ಅಕ್ಕ ಎಡಗೈಯಿಂದ ಅವಳ ಭುಜ ಹಿಡಿದು ತಡೆದಳು. ಆಮೇಲೆ ಕುರ್ಚಿಯ ಅಂಚಿಗೆ ಸರಿದು, ಬಲಗೈಯನ್ನು ಗುಂಡಿಯತ್ತ ಚಾಚಿಕೊಂಡು, ತಾನೇ ನಿಧಾನವಾಗಿ ನೆಲಕ್ಕೆ ಇಳಿಯತೊಡಗಿದಳು.