ಎರಡೂ ಕಣ್ಣಿಗೆ ಸುಣ್ಣ

“ಏ ಅಳುಮುಂಜಿ! ಗಂಡ ಸತ್ತು ಯಾವ ಕಾಲ ಆಯ್ತೇ? ಇನ್ನೂ ಯಾವನಿಗೋಸ್ಕರ ಅಳ್ತಿದೀಯ?”

ಸುಣ್ಣದ ಭಟ್ಟಿಯ ಶೆಡ್ಡಿನಲ್ಲಿ ಜರಡಿ ಹಿಡಿದಿದ್ದ ಹೆಂಗಸರಲ್ಲಿ ಯಾರೂ ನಗಲಿಲ್ಲ. ಮೇಸ್ತ್ರಿಯೊಬ್ಬನೇ ನಕ್ಕ. ಅವಳು ಅಳುತ್ತಿರಲಿಲ್ಲ. ರೆಪ್ಪೆಗೂದಲು ಒಳಕ್ಕೆ ತಿರುಗಿ, ಮಿಟುಕಿಸಿದಾಗಲೆಲ್ಲ ಕಣ್ಣುಗುಡ್ಡೆಯನ್ನು ಗೀರುತ್ತಿತ್ತು. ನೀರು ತಾನಾಗಿಯೇ ಸುರಿಯುತ್ತಿತ್ತು. ಸುಟ್ಟ ಸುಣ್ಣದ ಪುಡಿ ಜರಡಿಯಿಂದೆದ್ದು ಆ ನೀರಿಗೇ ಬಂದು ಅಂಟುತ್ತಿತ್ತು.

“ಮೇಸ್ತ್ರಿ, ನನ್ನನ್ನ ಚೀಲ ಹೊಲಿಯೋ ಕಡೆ ಹಾಕಿ ಅಂತ ಎಷ್ಟು ಸಲ ಬೇಡ್ಕೊಳ್ಲಿ?”

“ನಿನ್ನೊಬ್ಬಳನ್ನ ಕಳಿಸಿದ್ರೆ ಉಳಿದ ಮುಂಡೇರು ಸುಮ್ನಿರ್ತಾರಾ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಮಾಡೋ ಜನ ಅಲ್ಲ ನಮ್ಮ ಸಾಹುಕಾರ್ರು.”

“ಅದೂ ನಿಜವೇ. ಎರಡಕ್ಕೂ ಸುಣ್ಣಾನೇ ಹಾಕೋದು,” ಎಂದಳು ಪಕ್ಕದಲ್ಲಿ ಜರಡಿ ಹಿಡಿದಿದ್ದ ಅವಳ ನಾದಿನಿ.

ಮೇಸ್ತ್ರಿಗೆ ಮೈ ಉರಿಯಿತು. “ನಾಳೆ ಸಾಹುಕಾರ್ರ ಡಾಕ್ಟರು ಬರ್ತಾರೆ. ಕೆಲಸದಿಂದ ಬಂದ ರೋಗ ಅಂದ್ರೆ ಹೊಲಿಗೆಗೆ ಹೋಗು. ಅಲ್ಲ ಅಂದ್ರೆ ಗೇಟಿನಾಚೆ.”

ಊಟದ ಬಿಡುವಿನಲ್ಲಿ ನಾದಿನಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಚಿಮಟಿಗೆಯಿಂದ ಚುಚ್ಚುವ ಕೂದಲನ್ನು ಒಂದೊಂದಾಗಿ ಕಿತ್ತಳು. ಆ ಶೆಡ್ಡಿನಲ್ಲಿ ಹೆಂಗಸರು ಒಬ್ಬರಿಗೊಬ್ಬರು ಹೇನು ನೋಡುವುದಿಲ್ಲ, ರೆಪ್ಪೆಗೂದಲು ಕೀಳುತ್ತಾರೆ.

“ಅಲ್ಲಾಡ್ಬೇಡ ಅತ್ತಿಗೆ. ಮದುಮಗಳಿಗೆ ಹುಬ್ಬು ತೀಡ್ತಿದೀನಿ ಅಂದ್ಕೋ.”

“ನಿನ್ನ ಬಾಯಿಗಿಷ್ಟು! ಮತ್ತೆ ಬೆಳೆಯುತ್ತಲ್ಲೇ ಹಾಳಾದ್ದು.”

ಬೆಳೆಯುತ್ತದೆ, ಬೆಳೆದು ಮತ್ತೆ ಒಳಕ್ಕೇ ತಿರುಗುತ್ತದೆ. ಹೋದ ತಿಂಗಳು ದೊಡ್ಡಾಸ್ಪತ್ರೆಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಡ್ಡಿಯಿಟ್ಟು ರೆಪ್ಪೆಯನ್ನು ಮಗುಚಿ ನೋಡಿ, ಕನ್ನಡಿ ಹಿಡಿದು ತೋರಿಸಿದ್ದಳು. ಒಳಗೆ ಕೆಂಪಿನ ಮೇಲೆ ಬಿಳಿಯ ಗೆರೆಗಳು. “ಗಾಯ ಮಾಯುವಾಗ ಮೈ ನಾರು ಕಟ್ಟುತ್ತಮ್ಮ. ನಿಮಗೆ ಮಾಯೋಕೇ ಬಿಟ್ಟಿಲ್ಲ, ನಾರಿನ ಮೇಲೆ ನಾರು. ಅದು ಬಿಗಿದು ರೆಪ್ಪೇನ ಒಳಕ್ಕೆ ಎಳೀತಿದೆ. ಆಪರೇಷನ್ ಮಾಡ್ಬಹುದು, ಆದ್ರೆ ಸುಣ್ಣ ಬಿಡ್ಬೇಕು. ಇಲ್ಲಾಂದ್ರೆ ಕಪ್ಪುಗುಡ್ಡೆ ಬೆಳ್ಳಗಾಗುತ್ತೆ.”

ಮರುದಿನ ಡಾಕ್ಟರು ಸಾಹುಕಾರರ ಜೊತೆ ಬಂದರು. ಕರವಸ್ತ್ರವನ್ನು ಮೂಗಿಗೆ ಹಿಡಿದು, ದೂರದಿಂದಲೇ ಅವಳ ಮುಖಕ್ಕೆ ಟಾರ್ಚು ಬಿಟ್ಟರು.

“ಕಾಡಿಗೆ ಹಚ್ತೀಯಾ?”

“ಇಲ್ಲ ಸಾರ್. ರೆಪ್ಪೆ ಮಗುಚಿ ನೋಡಿ, ಒಳಗಿದೆ.”

“ನನಗೆ ಹೇಳ್ಕೊಡ್ಬೇಡ. ಕೊಳಕು ಕೈಯಲ್ಲಿ ಉಜ್ಜಿ ಉಜ್ಜಿ ಮಾಡ್ಕೊಂಡಿರೋದು. ಸುಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ.”

“ಕೇಳಿಸ್ತಲ್ಲ?” ಎಂದರು ಸಾಹುಕಾರರು. “ಇವತ್ತೊಂದು ದಿನ ಕೆಲಸ ಮಾಡಿ ಹೋಗು.”

ಒಂದು ರೆಪ್ಪೆ ಎತ್ತಿ ನೋಡುವುದಕ್ಕೂ ಈ ಡಾಕ್ಟರ ಕೈ ಬರಲಿಲ್ಲವಲ್ಲ! ಅವಳು ಚಿಕ್ಕಂದಿನಲ್ಲಿ ತಂಗಿಯನ್ನು ಹೆದರಿಸಲು ಮಾಡುತ್ತಿದ್ದ ಹಾಗೆ ಎರಡೂ ರೆಪ್ಪೆಗಳನ್ನು ಎಳೆದು ಮಗುಚಿದಳು. ಹಾಗೆಯೇ ಡಾಕ್ಟರ ಮುಂದೆ ಹೋಗಿ ನಿಂತಳು. ನಾದಿನಿಯೂ ತನ್ನವನ್ನು ಮಗುಚಿದಳು. ಆಮೇಲೆ ಒಬ್ಬಳು ಮುದುಕಿ, ಆಮೇಲೆ ಒಬ್ಬಳು ಬಸುರಿ, ಆಮೇಲೆ ಎಲ್ಲರೂ. ಸಾಲಾಗಿ ನಿಂತ ಕೆಂಪು ಕಣ್ಣುಗಳು, ಎಲ್ಲದರಲ್ಲೂ ಅದೇ ಬಿಳಿ ಗೆರೆ.

ಡಾಕ್ಟರು ಹಿಂದೆ ಸರಿದರು.

“ಥೂ, ಅಸಹ್ಯ! ಹೋಗ್ರೇ, ಕೆಲಸ ಮಾಡ್ರೇ!” ಮೇಸ್ತ್ರಿ ಕಿರುಚಿದ.

“ಮಾಡ್ತೀವಿ ಬಿಡಿ,” ಎಂದಳು ಅವಳು.

ರೆಪ್ಪೆ ಇಳಿಸಿ, ತುಂಬಿದ ಜರಡಿಯನ್ನು ಎತ್ತಿ ತಂದು ಡಾಕ್ಟರ ಎದುರಿಗೇ ಆಡಿಸತೊಡಗಿದಳು. ಎಲ್ಲರೂ ತಂತಮ್ಮ ಜರಡಿ ಹಿಡಿದು ಸುತ್ತ ಬಂದರು. ಬಾಗಿಲು ಹೆಂಗಸರ ಬೆನ್ನ ಹಿಂದೆ ಉಳಿಯಿತು. ಬಿಳಿ ಪುಡಿ ಸಾಹುಕಾರರ ಹೆಗಲಿಗೆ, ಮೇಸ್ತ್ರಿಯ ಮೀಸೆಗೆ, ಡಾಕ್ಟರ ಕನ್ನಡಕದ ಒಳಕ್ಕೆ ಇಳಿಯಿತು.

“ಅಯ್ಯೋ, ಕಣ್ಣು! ನೀರು ತನ್ರೋ!” ಡಾಕ್ಟರು ಕನ್ನಡಕ ಕಿತ್ತು ಎರಡೂ ಕೈಗಳಿಂದ ಕಣ್ಣು ತಿಕ್ಕತೊಡಗಿದರು.

ಅವಳು ಜರಡಿ ನಿಲ್ಲಿಸಲಿಲ್ಲ.

“ಉಜ್ಜಬೇಡಿ ಸಾರ್,” ಎಂದಳು. “ಉಜ್ಜಿದ್ರೇ ಬರೋದಂತೆ.”