ಕಾಮಾಕ್ಷಿಯವರೂ ಮೊಲದ ದವಡೆಯೂ

ಕಾಮಾಕ್ಷಿಯವರು ಯಾವ ವಸ್ತುವನ್ನೂ ಅದುಮಿ ನೋಡದೆ ನಂಬುವವರಲ್ಲ. ಬದನೆಕಾಯಿಯಾಗಲಿ, ದಿಂಬಾಗಲಿ, ಹೊಸ ಚಪ್ಪಲಿಯಾಗಲಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಸಿಕ್ಕಿ ಪರೀಕ್ಷೆ ಪಾಸಾದ ಮೇಲೆಯೇ ಅವಕ್ಕೆ ಅವರ ಮನೆಗೆ ಪ್ರವೇಶ. ಜಪಾನಿನಲ್ಲಿ ಇದು ಸಣ್ಣ ಅಪರಾಧವಲ್ಲ. ಒಕಾಜಾಕಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಪೀಚ್ ಹಣ್ಣುಗಳು ತೊಟ್ಟಿಲ ಕೂಸುಗಳ ಹಾಗೆ ಮೆತ್ತನೆಯ ಹಾಸಿನ ಮೇಲೆ ಸಾಲಾಗಿ ಮಲಗಿರುತ್ತವೆ. ದಯವಿಟ್ಟು ಒತ್ತಿ ನೋಡಬೇಡಿರೆಂದು ಪರಮ ವಿನಯದಿಂದ ಬರೆದ ಫಲಕ ಪಕ್ಕದಲ್ಲೇ ನಿಂತಿರುತ್ತದೆ. ಕಾಮಾಕ್ಷಿಯವರು ಫಲಕವನ್ನು ಪೂರ್ತಿ ಓದಿ, "ಸುಮಿಮಾಸೆನ್" ಎಂದು ಹಣ್ಣಿಗೇ ಕ್ಷಮೆ ಕೇಳಿ, ಅದುಮುತ್ತಾರೆ. ಒಮ್ಮೆ ಅಂಗಡಿಯ ಹುಡುಗಿ ಓಡಿಬಂದು ನಡುಬಗ್ಗಿಸಿ ನಿಂತಳು, ಇವರೂ ಬಾಗಿದರು, ಇಬ್ಬರೂ ಮೂರು ಮೂರು ಸಲ ಬಾಗುವಷ್ಟರಲ್ಲಿ ನಾಲ್ಕನೆಯ ಹಣ್ಣಿನ ಪರೀಕ್ಷೆಯೂ ಮುಗಿದಿತ್ತು.

ಐವತ್ತೆರಡರ ವಯಸ್ಸು, ಹಾಸನದ ಕಡೆಯ ಹುಟ್ಟು, ಬೆಂಗಳೂರಿನ ಓದು, ಹದಿನಾಲ್ಕು ವರ್ಷಗಳಿಂದ ಇಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಮೀನಿನ ಭ್ರೂಣಗಳನ್ನು ಸೂಕ್ಷ್ಮದರ್ಶಕದಡಿ ನೋಡುವ ಉದ್ಯೋಗ. ಒಂಟಿ ಜೀವ, ಆದರೆ ಒಂಟಿತನದ ಮುಖಭಾವವಿಲ್ಲ. ಎಡಭುಜದ ಮೇಲೆ ಸದಾ ಒಂದು ಭಾರದ ಚೀಲ ಇರುವುದರಿಂದ ಚೀಲವಿಲ್ಲದಾಗಲೂ ಎಡಕ್ಕೇ ವಾಲಿ, ಎದುರುಗಾಳಿಯನ್ನು ತಳ್ಳಿಕೊಂಡು ಹೋಗುವವರಂತೆ ನಡೆಯುತ್ತಾರೆ. ಒಳಪದರ ಹರಿದ ನೀಲಿ ಕೋಟೊಂದನ್ನು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಬಿಡದೆ ತೊಡುತ್ತಾರೆ; ಅದರ ಜೇಬಿನಲ್ಲಿ ರಬ್ಬರ್ ಬ್ಯಾಂಡು, ಶುಂಠಿ ಪೆಪ್ಪರಮೆಂಟು, ಸೂಜಿದಾರ ಎಲ್ಲವೂ ಸಿಗುತ್ತವೆ. ಲೇಖನ ತಿರಸ್ಕೃತವಾದರೂ ಸರಿ, ಭೂಮಿ ನಡುಗಿದರೂ ಸರಿ, ಅವರ ಮೊದಲ ಉದ್ಗಾರ ಒಂದೇ: "ಅದೇನ್ ಮಹಾ ಬಿಡಿ." ಎರಡು ವರ್ಷಗಳಿಂದ ಅವರ ಕೆಳಮನೆಯಲ್ಲಿ ಬಾಡಿಗೆಗಿರುವ ನಾನು ಈ ಮಾತನ್ನು ತೂಕಡಿಸುತ್ತಲೂ ಗುರುತಿಸಬಲ್ಲೆ.

ಮೊಲ ಅವರದಲ್ಲ. ಅದೇ ಸಂಸ್ಥೆಯಲ್ಲಿ ಓದುತ್ತಿದ್ದ ಸ್ಫೂರ್ತಿ ಎಂಬ ಹುಡುಗಿ ಊರಿಗೆ ಹೊರಟಾಗ, "ಮೇಡಂ, ಎರಡೇ ವಾರ, ಪ್ಲೀಸ್" ಎಂದು ಗೂಡುಸಮೇತ ಬಿಟ್ಟುಹೋದದ್ದು. ಆ ಎರಡು ವಾರಕ್ಕೆ ಈಗ ಐದನೆಯ ವರ್ಷ. ಸ್ಫೂರ್ತಿ ಬೆಂಗಳೂರಿನಲ್ಲಿ ನೆಲೆನಿಂತಳು, ಮೊಲ ಒಕಾಜಾಕಿಯಲ್ಲಿ. ಹುರಿದ ಸೋಯಾ ಹಿಟ್ಟಿನ ಬಣ್ಣದ ಮೈಯೆಂದು ಅದಕ್ಕೆ ಆ ಹಿಟ್ಟಿನ ಹೆಸರನ್ನೇ ಇಟ್ಟು ಕಿನಾಕೊ ಎಂದು ಕರೆದಿದ್ದಳು. ಕಾಮಾಕ್ಷಿಯವರ ಬಾಯಲ್ಲಿ ಅದು ಕಿನ್ನಿಯಾಯಿತು. ಅನ್ನದಲ್ಲಿ ಒಂದು ಕೂದಲು ಸಿಕ್ಕರೆ ಪ್ರಳಯವಾದಂತೆ ಆಡುವವರು ಮೊಲದ ತುಪ್ಪಳ ಹತ್ತಿದ ಸೀರೆಯುಟ್ಟು ಇಲ್ಲಿನ ಕನ್ನಡಿಗರ ಯುಗಾದಿಯ ಊಟಕ್ಕೆ ಬಂದ ದಿನ ನಾವೆಲ್ಲ ಮುಖ ಮುಖ ನೋಡಿಕೊಂಡೆವು.

ಕಿನ್ನಿಯ ಎಡದವಡೆಯ ಕೆಳಗೆ ಹುರುಳಿಕಾಳಿನಷ್ಟು ಗಂಟೊಂದು ಎದ್ದದ್ದನ್ನು ಕಂಡುಹಿಡಿದವು ಆ ಬೆರಳುಗಳೇ. ಕಳೆದ ವರ್ಷದ ಮಾರ್ಚಿನ ಮಾತು. ಮೊಲಗಳನ್ನೇ ಹೆಚ್ಚಾಗಿ ನೋಡುವ ಸಣ್ಣ ಚಿಕಿತ್ಸಾಲಯವೊಂದರ ಮೊರಿಕಾವಾ ಸೆನ್ಸೇ, ಮೂವತ್ತೈದರ ಮಿತಭಾಷಿ ವೈದ್ಯೆ, ಅದು ಕೀವಿನ ಗಂಟೆಂದು ವಿವರಿಸಿದರು. ಮನುಷ್ಯರ ಕೀವಿನಂತೆ ಮೊಲದ ಕೀವು ಹರಿಯುವುದಿಲ್ಲ. ಗಿಣ್ಣಿನ ಹಾಗೆ ಗಟ್ಟಿಯಾಗಿ, ತನಗೊಂದು ಚೀಲ ಕಟ್ಟಿಕೊಂಡು ಕೂರುತ್ತದೆ. ಸೂಜಿ ಚುಚ್ಚಿ ಹೊರಗೆಳೆಯಲಾಗದು. ಚೀಲವನ್ನೇ ಕತ್ತರಿಸಿ ತೆಗೆಯಬೇಕು. ಹಾಗೆಯೇ ತೆಗೆದರು. ಗಾಯ ಮಾಯಿತು, ಕಾಮಾಕ್ಷಿಯವರು ಎಲ್ಲರಿಗೂ ಕೇಸರಿಬಾತ್ ಹಂಚಿದರು. ಆಗಸ್ಟಿನಲ್ಲಿ ಅದೇ ಜಾಗದಲ್ಲಿ ಮತ್ತೆ ಗಂಟು ಎದ್ದಿತು.

ಈಗ ನಾನು ಅವರ ತಪ್ಪನ್ನು ಹೇಳಬೇಕು. ಅದನ್ನು ಬಚ್ಚಿಟ್ಟರೆ ಅವರೇ ನನ್ನನ್ನು ಬೈಯುತ್ತಾರೆ. ಇಲ್ಲಿನ ಕನ್ನಡಿಗರಲ್ಲಿ ಒಂದು ರೂಢಿಯಿದೆ: ಯಾರೇ ಊರಿಗೆ ಹೋಗಿಬಂದರೂ ಚಟ್ನಿಪುಡಿಯ ಜೊತೆಗೆ ಒಂದು ಕಂತೆ ಮಾತ್ರೆಗಳನ್ನೂ ತರುತ್ತಾರೆ. ಜಪಾನಿನ ಡಾಕ್ಟರು ಕೊಡುವ ಪುಡಿ ಪೊಟ್ಟಣಗಳ ಮೇಲೆ ನಮಗೆ ಗೌರವವಿದೆ, ವಿಶ್ವಾಸವಿಲ್ಲ. ಆ ಮಾತ್ರೆಗಳೆಲ್ಲ ಸೇರುತ್ತಿದ್ದುದು ಕಾಮಾಕ್ಷಿಯವರ ಬಿಸ್ಕತ್ತಿನ ಡಬ್ಬಿಗೆ. ಜ್ವರ, ಗಂಟಲುನೋವು, ಹಲ್ಲುನೋವು, ಯಾವುದಕ್ಕೂ ನಾವು ಮೊದಲು ತಟ್ಟುತ್ತಿದ್ದುದು ಅವರ ಬಾಗಿಲು. ಒಬೋನ್ ಹಬ್ಬಕ್ಕೆಂದು ಚಿಕಿತ್ಸಾಲಯ ಐದು ದಿನ ಮುಚ್ಚಿತ್ತು. ಗಂಟು ದಿನದಿಂದ ದಿನಕ್ಕೆ ಬೆಳೆಯುತ್ತಿತ್ತು. ಕೀವಿಗೆ ನಾವೆಲ್ಲ ನುಂಗುವ ಅಮಾಕ್ಸಿಸಿಲಿನ್ ಮಾತ್ರೆಯನ್ನು ಡಬ್ಬಿಯಿಂದ ತೆಗೆದು, ಮೊಲದ ತೂಕಕ್ಕೆ ಲೆಕ್ಕಹಾಕಿ, ಕುಟ್ಟಿ, ಬಾಳೆಹಣ್ಣಿನಲ್ಲಿ ಕಲಸಿ ತಿನ್ನಿಸಿದರು.

ಎರಡನೆಯ ದಿನ ಕಿನ್ನಿ ಹುಲ್ಲು ಮುಟ್ಟಲಿಲ್ಲ. ಮೂರನೆಯ ದಿನ ಭೇದಿ ಹತ್ತಿ ಮೂಲೆಯಲ್ಲಿ ಮುದುರಿ ಕುಳಿತಿತು. ನಗೋಯಾದ ತುರ್ತು ಚಿಕಿತ್ಸಾಲಯದವರು ಉಳಿಸಿಕೊಟ್ಟರು, ಆದರೆ ಮಾತ್ರೆಯ ಹೆಸರು ಕೇಳಿದೊಡನೆ ಅವರ ಮುಖ ಬಿಳಿಚಿತಂತೆ. ಅದನ್ನೇ ಮೊಲಕ್ಕೆ ಬಾಯಿಯಿಂದ ಕೊಟ್ಟರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ನಾಶವಾಗಿ, ಔಷಧವೇ ವಿಷವಾಗುತ್ತದೆ. "ಮೂವತ್ತು ವರ್ಷ ಬಯಾಲಜಿ ಮಾಡಿದೀನಿ, ಒಂದು ನಿಮಿಷ ಹುಡುಕಿ ನೋಡೋಕ್ ಆಗ್ಲಿಲ್ವಲ್ಲ ನಂಗೆ" ಎಂದರು ನನ್ನೆದುರು. ಅಂದು ಅವರ ಬಾಯಿಂದ "ಅದೇನ್ ಮಹಾ" ಬರಲಿಲ್ಲ. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಚಿಕಿತ್ಸಾಲಯ ತೆರೆದ ದಿನ ಖಾಲಿಯಾದ ಮಾತ್ರೆ ಪಟ್ಟಿಯನ್ನು ಕಾಮಾಕ್ಷಿಯವರು ಮೊರಿಕಾವಾ ಸೆನ್ಸೇಯವರ ಮೇಜಿನ ಮೇಲಿಟ್ಟು ಎಲ್ಲವನ್ನೂ ಒಪ್ಪಿಕೊಂಡರು. ವೈದ್ಯೆ ಎದ್ದುನಿಂತು ತಲೆಬಾಗಿ, ಮೊದಲೇ ಎಚ್ಚರಿಸದೆ ಹೋದದ್ದು ತನ್ನ ತಪ್ಪೆಂದರು. ಇದು ಕಾಮಾಕ್ಷಿಯವರನ್ನು ಕೆರಳಿಸಿಬಿಟ್ಟಿತು. "ನಾನ್ ಮಾಡಿದ್ ತಪ್ಪನ್ನೂ ನೀವೇ ತಗೊಂಡ್ಬಿಟ್ರೆ ಹೆಂಗೆ? ಬೈರಿ ನನ್ನ!" ಎಂದು ಜಪಾನಿ ಭಾಷೆಯಲ್ಲಿ ಹೇಳಲು ಹೆಣಗಿದರಂತೆ, ಆ ಭಾಷೆಯಲ್ಲಿ ಬೈಸಿಕೊಳ್ಳುವುದು ಎಷ್ಟು ಕಷ್ಟವೆಂದು ನನ್ನಲ್ಲಿ ದೂರಿದರು. ಮರುವಾರ ಕನ್ನಡಿಗರೆಲ್ಲ ಸೇರಿದಾಗ ಡಬ್ಬಿಯನ್ನು ತಂದು ನಡುಕೋಣೆಯಲ್ಲಿಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿ, "ಇನ್ಮೇಲೆ ಯಾರೂ ನನ್ ಹತ್ರ ಮಾತ್ರೆ ಕೇಳ್ಕೊಂಡ್ ಬರ್ಬೇಡಿ" ಎಂದು ಘೋಷಿಸಿದರು. ನಮ್ಮ ಪುಕ್ಕಟೆ ಔಷಧಾಲಯ ಅಂದೇ ಮುಚ್ಚಿತು.

ಎರಡನೆಯ ಶಸ್ತ್ರಚಿಕಿತ್ಸೆಯೂ ಆಯಿತು. ನವೆಂಬರಿನಲ್ಲಿ ಮೂರನೆಯ ಗಂಟು ಎದ್ದಿತು. ಎಕ್ಸ್-ರೇ ತೆಗೆದು ನೋಡಿದರೆ ಕೇಡಿನ ಬೇರು ಹಲ್ಲಿನ ಬುಡದಲ್ಲಿತ್ತು. ದವಡೆಯ ಮೂಳೆಯೂ ಸವೆಯತೊಡಗಿತ್ತು. ಮೊರಿಕಾವಾ ಸೆನ್ಸೇ ಎರಡು ದಾರಿಗಳನ್ನು ಮುಂದಿಟ್ಟರು. ಹಲ್ಲು ಕಿತ್ತು, ಕೊಳೆತದ್ದನ್ನು ಕೆರೆದು, ಗಾಯವನ್ನು ಹೊಲಿಯದೆ ತೆರೆದೇ ಬಿಡುವುದು, ದಿನಕ್ಕೆರಡು ಸಲ ತೊಳೆಯುತ್ತ ಬುಡದಿಂದ ಮಾಯಿಸುವುದು ಒಂದು; ಅಷ್ಟಾದರೂ ಮರಳಿ ಬಾರದೆಂಬ ಭರವಸೆಯಿಲ್ಲ. ನೋವಿಲ್ಲದೆ ಕಣ್ಮುಚ್ಚಿಸುವುದು ಇನ್ನೊಂದು. ಯಾವುದನ್ನು ಆರಿಸಿದರೂ ನಿಮ್ಮನ್ನು ಯಾರೂ ತಪ್ಪೆನ್ನುವುದಿಲ್ಲ ಎಂದರು.

ಸಂಸ್ಥೆಯ ಆಶಿಷ್ ಎಂಬ ಯುವಕ ಒಳ್ಳೆಯ ಮನಸ್ಸಿನಿಂದಲೇ, "ಮೇಡಂ, ಸುಮ್ನೆ ಯಾಕೆ ಹಿಂಸೆ? ಪೆಟ್ ಶಾಪಲ್ಲಿ ಸೇಮ್ ಕಲರ್ ಇನ್ನೊಂದು ಸಿಗತ್ತೆ" ಎಂದ. ಕಾಮಾಕ್ಷಿಯವರು ಕನ್ನಡಕದ ಮೇಲಿಂದ ನೋಡಿದರು. "ನಿಮ್ಮಮ್ಮಂಗೆ ಹಲ್ಲುನೋವು ಬಂದ್ರೆ ಸೇಮ್ ಕಲರ್ ಇನ್ನೊಬ್ರನ್ನ ತರ್ತೀಯೇನಪ್ಪಾ?" ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟ ಇದೆಂದು ನಾವೆಲ್ಲ ಬೆನ್ನ ಹಿಂದೆ ಆಡಿಕೊಂಡೆವು. ನಾನೂ ಆಡಿಕೊಂಡೆ. ಆದರೆ ಅವರ ಹಟಕ್ಕೆ ಒಂದು ಮೇರೆಯಿತ್ತೆಂಬುದು ನನಗೆ ತಿಳಿದದ್ದು ಆಮೇಲೆ. ವೈದ್ಯೆಯೊಡನೆ ಅವರು ಕರಾರು ಮಾಡಿಕೊಂಡಿದ್ದರು: ಕಿನ್ನಿ ತಾನಾಗಿ ಮುಂದೆ ಬಂದು ತಿನ್ನುವವರೆಗೆ ಚಿಕಿತ್ಸೆ; ಎರಡು ದಿನ ಮುಖ ತಿರುಗಿಸಿತೆಂದರೆ ನಿಲ್ಲಿಸುವುದು, ಆಗ ತಾನು ಎಷ್ಟೇ ಗೋಗರೆದರೂ ಕಿವಿಗೊಡಬಾರದು. ಇದನ್ನು ಕಾಗದದಲ್ಲಿ ಬರೆದು ಸಹಿ ಹಾಕಿಕೊಟ್ಟಿದ್ದರು.

ಆ ಚಳಿಗಾಲವಿಡೀ ಬೆಳಗ್ಗೆ ಆರೂವರೆಗೊಮ್ಮೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೈಕಲ್ ತುಳಿದು ಬಂದು ಇನ್ನೊಮ್ಮೆ, ಕಾಮಾಕ್ಷಿಯವರು ಆ ಗಾಯವನ್ನು ತೊಳೆದರು. ಭಾನುವಾರಗಳಲ್ಲಿ ಕಿನ್ನಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿಯುವ ಕೆಲಸ ನನ್ನದು. ಸಿರಿಂಜಿನಲ್ಲಿ ಉಗುರುಬೆಚ್ಚಗಿನ ಉಪ್ಪುನೀರು ಹಾಯಿಸಿ, ಹತ್ತಿಯಿಂದ ಒರೆಸಿ, ಸೆನ್ಸೇ ಕೊಟ್ಟ ಇಂಜೆಕ್ಷನ್ ಚರ್ಮದಡಿ ಚುಚ್ಚುವಷ್ಟು ಹೊತ್ತೂ ಅದು ಹೆದರದಿರಲೆಂದು ಹದಿನೇಳರ ಮಗ್ಗಿ ಹೇಳುತ್ತಿದ್ದರು. ಹದಿನೇಳೊಂಬತ್ಲಿಗೆ ಬರುವಷ್ಟರಲ್ಲಿ ಕೆಲಸ ಮುಗಿಯಬೇಕು. ಎಲ್ಲಕ್ಕಿಂತ ಕಠಿನವಾದದ್ದು ಬೇರೆಯೇ ಇತ್ತು. ಚರ್ಮ ಬೇಗ ಮುಚ್ಚಿಕೊಳ್ಳಲು ಹವಣಿಸುತ್ತಿತ್ತು; ಮೇಲೆ ಮುಚ್ಚಿದರೆ ಒಳಗೆ ಮತ್ತೆ ಕೀವು. ಹಾಗಾಗಿ ಕಟ್ಟಿದ ಹಕ್ಕಳೆಯನ್ನು ದಿನವೂ ನೆನೆಸಿ ಬಿಡಿಸಬೇಕು. ನಾನು ಮುಖ ತಿರುಗಿಸುತ್ತಿದ್ದೆ. "ನೀವ್ ಬೇರೆ ಕಡೆ ನೋಡ್ಕೊಳ್ಳಿ, ಕೈ ಮಾತ್ರ ಸಡಿಲ ಬಿಡ್ಬೇಡಿ" ಎನ್ನುತ್ತಿದ್ದರು. ಒಮ್ಮೆ ಅದು ಅವರ ಮಣಿಕಟ್ಟನ್ನು ಕಚ್ಚಿ ರಕ್ತ ಬರಿಸಿತು. ಮಗ್ಗಿ ನಿಲ್ಲಲಿಲ್ಲ. ಬಿಡಿಸಿಕೊಂಡೊಡನೆ ನೆಲದ ಮೇಲೆ ಕಾಲು ಬಡಿದು ಕೋಪ ತೋರಿಸಿದ ಕಿನ್ನಿ, ಐದು ನಿಮಿಷ ಕಳೆದು ಅದೇ ಕೈಯಿಂದ ಸೊಪ್ಪು ಎಳೆದುಕೊಂಡಿತು.

ಹನ್ನೊಂದು ವಾರಗಳಿಗೆ ಗಾಯ ಬುಡದಿಂದ ತುಂಬಿ ಮಾಯಿತು. ಮುಖ ಕೊಂಚ ಓರೆಯಾಗಿದೆ, ಎಡಗಡೆ ಜಗಿಯಲಾರದು, ಆದರೂ ಮೇಯುತ್ತದೆ. ಈ ಸಲ ಕೇಸರಿಬಾತ್ ಹಂಚಲಿಲ್ಲ. ದಿನವೂ ಬೆಳಗ್ಗೆ ಆ ದವಡೆಯ ಅಂಚನ್ನು ಬೆರಳಿನಿಂದ ಸವರಿ, ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಕೆಲಸಕ್ಕೆ ಹೋಗುತ್ತಿದ್ದರು.

ನಿನ್ನೆ ಸೋಮವಾರ ಮೆಟ್ಟಿಲ ಬಳಿ ಎದುರಾದಾಗ ಅವರ ಕೈಯಲ್ಲಿ ಮೊಲವನ್ನು ಒಯ್ಯುವ ಬುಟ್ಟಿಯಿತ್ತು. ತೊಳೆದು ಒಣಗಿಸಲು ಕೆಳಗೆ ತಂದಿದ್ದರು. ನನಗೆ ಅರ್ಥವಾಯಿತು. "ಮತ್ತೆ ಬಂತಾ ಮೇಡಂ?" ಎಂದೆ. "ಬಂದಿದೆ. ಸಾಸಿವೆ ಕಾಳಷ್ಟು. ಬುಧವಾರ ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್." ನನಗೆ ದುಃಖ ಉಕ್ಕಿಬಂತು, ತಡೆಯದೆ ಕೇಳಿಯೇಬಿಟ್ಟೆ, ಇದು ಎಲ್ಲಿಯವರೆಗೆ ಎಂದು. ಅವರು ಬುಟ್ಟಿಯನ್ನು ಬಿಸಿಲಿಗೆ ತಿರುಗಿಸಿಟ್ಟರು. "ಅದು ನಂಗೂ ಗೊತ್ತಿಲ್ಲ, ಸೆನ್ಸೇಗೂ ಗೊತ್ತಿಲ್ಲ. ಬೆಳಗ್ಗೆ ಓಡ್‌ಬಂದು ತಿಂತು. ಇವತ್ತಿಗೆ ಅಷ್ಟು ಸಾಕಲ್ವಾ?"

ವಾಸಿಯಾಗುವುದೆಂಬ ಭರವಸೆ ಪಡೆದ ಮೇಲೆ ಶುಶ್ರೂಷೆಗೆ ಇಳಿಯುವವರು ಲೋಕದಲ್ಲಿ ಬಹಳ. ಎರಡನೆಯ ಸಲಕ್ಕೆ ಬೇಸತ್ತು, ಮೂರನೆಯ ಸಲಕ್ಕೆ ಹಣೆಬರಹವೆಂದು ಕೈತೊಳೆದುಕೊಳ್ಳುವ ನಮ್ಮಂಥವರನ್ನು ಯಾರೂ ಕೆಟ್ಟವರೆನ್ನಲಾರರು. ಕಾಮಾಕ್ಷಿಯವರ ಜಾತಿಯ ಜನ ಕಾಯಿಲೆಯಿಂದ ಯಾವ ಮಾತನ್ನೂ ತೆಗೆದುಕೊಳ್ಳದೆಯೇ ಅದರ ಮುಂದೆ ಬಂದು ಕೂರುತ್ತಾರೆ. ಅವರಿಂದ ತಪ್ಪುಗಳೂ ಆಗುತ್ತವೆ, ತಪ್ಪಾಯಿತೆಂದು ಎದ್ದು ಹೋಗುವುದಿಲ್ಲ. ನಾಳೆ ನನಗೆ ಮಾಯದ ಕಾಯಿಲೆಯೊಂದು ಬಂದರೆ ಹಾಸಿಗೆಯ ಪಕ್ಕದಲ್ಲಿ ಇಂಥವರೊಬ್ಬರು ಇರಲೆಂದು ನಾನು ಬೇಡಿಕೊಳ್ಳುತ್ತೇನೆ. ನಾನು ಇನ್ನೊಬ್ಬರಿಗೆ ಹಾಗಿರಬಲ್ಲೆನೇ ಎಂದು ಕೇಳಿಕೊಂಡಾಗ ಮಾತ್ರ ಭಾನುವಾರಗಳಲ್ಲಿ ಟವೆಲು ಹಿಡಿದು ಮುಖ ತಿರುಗಿಸುತ್ತಿದ್ದದ್ದು ನೆನಪಾಗುತ್ತದೆ.